ನಲವತ್ತು ವರ್ಷದ ಪತ್ರಗಳ ಡಬ್ಬಿ ಮತ್ತು ನನ್ನ ಮೊದಲ ವಿಮಾನ

ಜರ್ಮನಿಯಿಂದ ಬಾಗಲಕೋಟೆಗೆ ವಾಪಸ್ ಬಂದು ಹತ್ತು ದಿನವಾಯಿತು. ಬ್ಯಾಗಿನ ಹಿಡಿಕೆಗೆ ವಿಮಾನದವರು ಅಂಟಿಸಿದ ಚೀಟಿ ಇನ್ನೂ ಹಾಗೇ ಇದೆ, ಕಿತ್ತು ಹಾಕಲು ಮನಸ್ಸು ಬಂದಿಲ್ಲ. ನನ್ನ ಜೊತೆ ಕೆಲಸ ಮಾಡಿದ ಇಬ್ಬರು ಶಿಕ್ಷಕಿಯರು ಮನೆಗೆ ಬಂದಿದ್ದರು. ಅವರಿಗೂ ಮಕ್ಕಳನ್ನು ನೋಡಲು ಹೊರದೇಶಕ್ಕೆ ಹೋಗಬೇಕಿದೆ. ಯಾವ ಕಾಗದ ಬೇಕು, ಎಷ್ಟು ದಿನ ಹಿಡಿಯುತ್ತದೆ, ಒಬ್ಬರೇ ಹೋಗಲು ಹೆದರಿಕೆ ಆಗಲಿಲ್ಲವೇ ಅಂತ ಕೇಳಿದರು. ಚಹಾ ಮುಗಿಯುವುದರೊಳಗೆ ಹೇಳಿ ಮುಗಿಸುವ ವಿಷಯವಲ್ಲ. ಅದಕ್ಕೆ ಕೂತು ಬರೆಯುತ್ತಿದ್ದೇನೆ.

ನಾನು ಹೋಗಿದ್ದು ಮಕ್ಕಳ ಹತ್ತಿರ ಅಲ್ಲ. ನಲವತ್ತು ವರ್ಷದಿಂದ ಪತ್ರ ಬರೆಯುತ್ತಿದ್ದ, ಒಮ್ಮೆಯೂ ಎದುರಿಗೆ ನೋಡಿರದ ಗೆಳತಿಯ ಹತ್ತಿರ.

1985ರಲ್ಲಿ ನಾನು ಬಿ.ಎ. ಓದುತ್ತಿದ್ದೆ. ಅಂಚೆಚೀಟಿ ಕೂಡಿಸುವ ಹುಚ್ಚು. ಪತ್ರಮಿತ್ರರ ವಿಳಾಸಗಳ ಪಟ್ಟಿಯೊಂದು ಕೈಗೆ ಸಿಕ್ಕಿತ್ತು. ಅದರಲ್ಲಿ ಪೂರ್ವ ಜರ್ಮನಿಯ ಒಂದು ಹೆಸರು ಆರಿಸಿ ಬರೆದೆ. ನನ್ನ ವಾರಿಗೆಯವಳೇ. ಕಾಲುಚೀಲ ಹೆಣೆಯುವ ಕಾರ್ಖಾನೆಯಲ್ಲಿ ಕೆಲಸ. ಅವಳ ಊರು ಕಾರ್ಲ್ ಮಾರ್ಕ್ಸ್ ಸ್ಟಾಟ್. ನನ್ನದು ‘ಬಾಗಲಕೋಟೆ, ಜಿಲ್ಲಾ ವಿಜಾಪುರ’. ಆ ಎರಡು ವಿಳಾಸಗಳೂ ಈಗ ಇಲ್ಲ. 1990ರ ಜೂನ್ 1ಕ್ಕೆ ಅವಳ ಊರಿಗೆ ಕೆಮ್ನಿಟ್ಸ್ ಅನ್ನುವ ಹಳೆಯ ಹೆಸರು ವಾಪಸ್ ಬಂತು. ಅದೇ ಅಕ್ಟೋಬರಿನಲ್ಲಿ ಅವಳ ದೇಶ ಪಶ್ಚಿಮ ಜರ್ಮನಿಯ ಜೊತೆ ಒಂದಾಯಿತು. 1997ರಲ್ಲಿ ನಮ್ಮದು ಬೇರೆ ಜಿಲ್ಲೆಯಾಯಿತು. ಆಮೇಲೆ ಆಲಮಟ್ಟಿ ಅಣೆಕಟ್ಟಿನ ಹಿನ್ನೀರು ಘಟಪ್ರಭೆಯ ದಂಡೆಗುಂಟ ಏರಿ ಬಂತು. ನಮ್ಮ ಮನೆ ಮುಳುಗಡೆಗೆ ಹೋಯಿತು. ನಾವು ಮುಳುಗಡೆಯಾದವರಿಗಾಗಿ ಕಟ್ಟಿದ ನವನಗರಕ್ಕೆ ಬಂದು ಸೆಕ್ಟರ್ ನಂಬರಿನವರಾದೆವು. ಆ ವರ್ಷ ಅವಳ ಒಂದು ಪತ್ರ ಹಳೆಯ ವಿಳಾಸಕ್ಕೇ ಬಂದಿತ್ತು. ನಮ್ಮ ಓಣಿಯ ಪೋಸ್ಟ್‌ಮ್ಯಾನ್ ಅದನ್ನು ಜೇಬಿನಲ್ಲಿಟ್ಟುಕೊಂಡು, ಹುಡುಕಿಕೊಂಡು ಬಂದು ಕೈಗೆ ಕೊಟ್ಟಿದ್ದರು. ಅವರು ಹಾಗೆ ಮಾಡದಿದ್ದರೆ ಈ ಕಥೆ ಅಲ್ಲಿಗೇ ನಿಲ್ಲುತ್ತಿತ್ತು.

ಆಮೇಲೆ ಇ-ಮೇಲ್ ಬಂತು, ವಾಟ್ಸಾಪ್ ಬಂತು. ಕೊರೊನಾ ಕಾಲದಲ್ಲಿ ಒಮ್ಮೆ ವಿಡಿಯೊ ಕಾಲ್ ಮಾಡಿದೆವು. ಅವಳ ಇಂಗ್ಲಿಷ್ ನನಗೆ ತಿಳಿಯಲಿಲ್ಲ, ನನ್ನದು ಅವಳಿಗೆ ತಿಳಿಯಲಿಲ್ಲ. ಇಬ್ಬರೂ ಡಿಕ್ಷನರಿ ಇಟ್ಟುಕೊಂಡು ಬರೆದು ಕಲಿತವರು. ನಾಲ್ಕು ನಿಮಿಷಕ್ಕೆ ಕೈ ಬೀಸಿ ಮುಗಿಸಿದೆವು. ಮತ್ತೆ ಮಾಡಲಿಲ್ಲ.

2025ರ ಮೇ 31ಕ್ಕೆ ನಾನು ನಿವೃತ್ತಳಾದೆ. ಶಾಲೆಗೆ ಹಾಕುವಾಗ ಗುರುಗಳು ಬರೆದುಕೊಂಡ ಜನ್ಮದಿನ ಜೂನ್ 1. ಅವ್ವ ಹೇಳುತ್ತಿದ್ದದ್ದು ‘ಕಾರಹುಣ್ಣಿಮೆ ಆಗಿ ಮೂರು ದಿನಕ್ಕ’ ಅಂತ. ಗೆಳತಿ ಬರೆದಳು: ‘2025ರಲ್ಲಿ ನಮ್ಮ ಊರು ಯುರೋಪಿನ ಸಾಂಸ್ಕೃತಿಕ ರಾಜಧಾನಿ. ಈಗ ಬರದಿದ್ದರೆ ಇನ್ನು ಯಾವಾಗ?’

ಮನೆಯಲ್ಲಿ ಹೇಳಿದಾಗ ತಮ್ಮನಿಗೆ ಸಿಟ್ಟೇ ಬಂತು. “ಅಕ್ಕಾ, ಆಕಿನ್ನ ಒಮ್ಮೇನೂ ಎದುರಿಗೆ ನೋಡಿಲ್ಲ. ಅಷ್ಟ ದೂರ ಒಬ್ಬಾಕೀನ ಹೋಗ್ತೀಯೇನ?” ನಮ್ಮ ಮನೆಯವರಿಗೆ ಮೊಣಕಾಲು ನೋವು, ಹತ್ತು ತಾಸು ಕೂತು ಬರಲು ಆಗುವುದಿಲ್ಲ. ಅವರು ಮಾತ್ರ, “ಆಕಿ ಪತ್ರ ಬಂದ ದಿನ ನೀ ಹೆಂಗಿರತಿ ಅಂತ ನನಗ ಗೊತ್ತೈತಿ. ಹೋಗಿ ಬಾ” ಅಂದರು.

ಪಾಸ್‌ಪೋರ್ಟ್

ಜೂನ್ ಮೊದಲ ವಾರ ಮಗಳು ಆನ್‌ಲೈನ್ ಅರ್ಜಿ ತುಂಬಿದಳು. ಸಾಮಾನ್ಯ ಪಾಸ್‌ಪೋರ್ಟಿಗೆ 1,500 ರೂಪಾಯಿ. ಹುಬ್ಬಳ್ಳಿಯ ಪಾಸ್‌ಪೋರ್ಟ್ ಸೇವಾ ಕೇಂದ್ರಕ್ಕೆ ದಿನ ಸಿಕ್ಕಿತು. ಅಲ್ಲಿ ಸಿಕ್ಕಿಬಿದ್ದದ್ದು ಅಡ್ಡಹೆಸರಿನ ಸ್ಪೆಲ್ಲಿಂಗ್. ಆಧಾರದಲ್ಲಿ ಒಂದು ‘ಎ’, ಎಸ್ಸೆಸ್ಸೆಲ್ಸಿ ಮಾರ್ಕ್ಸ್ ಕಾರ್ಡಿನಲ್ಲಿ ಎರಡು. ಮೂವತ್ತೈದು ವರ್ಷ ಮಕ್ಕಳ ಹಾಜರಿ ಪುಸ್ತಕ ತಿದ್ದಿದವಳು ನಾನು. ನನ್ನ ಹೆಸರನ್ನೇ ಒಮ್ಮೆಯೂ ಹೋಲಿಸಿ ನೋಡಿರಲಿಲ್ಲ. ಆಧಾರ ತಿದ್ದಿಸಿಕೊಂಡು ಮತ್ತೆ ಹುಬ್ಬಳ್ಳಿಗೆ ಹೋಗುವಷ್ಟರಲ್ಲಿ ಹದಿನಾರು ದಿನ ಹೋಯಿತು.

ನೀವು ಅರ್ಜಿ ಹಾಕುವ ಮೊದಲೇ ಆಧಾರ, ಪ್ಯಾನ್, ಮಾರ್ಕ್ಸ್ ಕಾರ್ಡ್, ಬ್ಯಾಂಕ್ ಪಾಸ್‌ಬುಕ್ ನಾಲ್ಕನ್ನೂ ಮೇಜಿನ ಮೇಲೆ ಸಾಲಾಗಿ ಇಟ್ಟು, ಒಂದೊಂದೇ ಅಕ್ಷರ ಹೋಲಿಸಿ ನೋಡಿ. ಅಡ್ಡಹೆಸರಿನ ಜಾಗ ಖಾಲಿ ಬಿಡಬೇಡಿ, ಮುಂದೆ ಟಿಕೆಟ್ ಮಾಡಿಸುವಾಗ ತೊಂದರೆಯಾಗುತ್ತದೆ. ಎಸ್ಸೆಸ್ಸೆಲ್ಸಿ ಪಾಸಾದ ಕಾಗದ ಒಯ್ಯಿರಿ. ಅದಿದ್ದರೆ ಪಾಸ್‌ಪೋರ್ಟಿಗೆ ಇಸಿಆರ್ ಮುದ್ರೆ (ಕೆಲವು ದೇಶಗಳಿಗೆ ಕೆಲಸಕ್ಕೆ ಹೋಗುವ ಮೊದಲು ಸರ್ಕಾರದ ಅನುಮತಿ ಬೇಕು ಅನ್ನುವ ಮುದ್ರೆ) ಬೀಳುವುದಿಲ್ಲ. ಇನ್ನೂ ಸರ್ಕಾರಿ ನೌಕರಿಯಲ್ಲಿರುವವರು ಮೊದಲು ಇಲಾಖೆಗೆ ತಿಳಿಸಿದ ಪತ್ರ ಇಟ್ಟುಕೊಳ್ಳಬೇಕು. ಪೊಲೀಸ್ ವಿಚಾರಣೆ ಸಲೀಸಾಗಿ ಆಯಿತು. ಜುಲೈ ಎರಡನೇ ವಾರ ಪಾಸ್‌ಪೋರ್ಟ್ ಅಂಚೆಯಲ್ಲಿ ಬಂತು.

ಗೆಳೆತನಕ್ಕೆ ಪುರಾವೆ

ವೀಸಾ ಕೆಲಸ ಶುರುವಾದ ಮೇಲೆ ನಿದ್ದೆ ಕಡಿಮೆಯಾಯಿತು. ಊರಲ್ಲಿ ಒಬ್ಬ ಏಜೆಂಟ್, 25,000 ಕೊಡಿ, ವೀಸಾ ಗ್ಯಾರಂಟಿ ಅಂದ. ವೀಸಾ ಗ್ಯಾರಂಟಿ ಕೊಡಲು ಯಾರಿಂದಲೂ ಆಗುವುದಿಲ್ಲ. ನಾವೇ ತುಂಬಿದೆವು. ಮಗಳು ಹುಬ್ಬಳ್ಳಿಯಿಂದ ಶನಿವಾರ ಬರುತ್ತಿದ್ದಳು, ರವಿವಾರ ಸಂಜೆವರೆಗೆ ಇಬ್ಬರೂ ಫಾರ್ಮ್ ಮುಂದೆ.

ಬೇಕಾದದ್ದು ಇವು. ಜರ್ಮನಿ ಸೇರಿ ಷೆಂಗನ್ ದೇಶಗಳಿಗೆ (ಒಂದೇ ವೀಸಾದಲ್ಲಿ ಓಡಾಡಬಹುದಾದ ಯುರೋಪಿನ ದೇಶಗಳ ಗುಂಪು) ಪಾಸ್‌ಪೋರ್ಟಿನ ಅವಧಿ ವಾಪಸ್ ಬರುವ ದಿನದ ನಂತರ ಕನಿಷ್ಠ ಮೂರು ತಿಂಗಳು ಇರಬೇಕು, ಎರಡು ಖಾಲಿ ಪುಟ ಇರಬೇಕು. ಕನಿಷ್ಠ 30,000 ಯೂರೊ ಮೊತ್ತದ ಪ್ರಯಾಣ ವಿಮೆ ಬೇಕು. ನನಗೆ 2,400 ರೂಪಾಯಿಗೆ ಸಿಕ್ಕಿತು. 35x45 ಮಿಲಿಮೀಟರ್ ಫೋಟೊ. ಬ್ಯಾಂಕಿನವರ ಮೊಹರು ಇರುವ ಮೂರು ತಿಂಗಳ ಸ್ಟೇಟ್‌ಮೆಂಟ್, ಆದಾಯ ತೆರಿಗೆ ರಿಟರ್ನ್, ಹೋಗಿ ಬರುವ ಟಿಕೆಟಿನ ಬುಕಿಂಗ್. ಆಮೇಲೆ ಆಮಂತ್ರಣ ಪತ್ರ. ಅಲ್ಲಿಯವರು ನಮ್ಮ ಪೂರ್ತಿ ಖರ್ಚು ಹೊರುತ್ತೇವೆ ಅಂತ ತಮ್ಮ ಊರಿನ ವಿದೇಶಿಯರ ಕಚೇರಿಯಲ್ಲಿ ಬರೆದುಕೊಡುವ ದೊಡ್ಡ ಕಾಗದ ಒಂದಿದೆ. ಗೆಳತಿ ಅದನ್ನೇ ಮಾಡಿಸುತ್ತೇನೆ ಅಂದಳು. ಅವಳಿಗೂ ಪಿಂಚಣಿಯೇ ಆಧಾರ. ನಾನು ಬೇಡ ಅಂದೆ. ನನ್ನ ದುಡ್ಡಿನಲ್ಲೇ ಹೋಗಬೇಕು ಅನ್ನೋದು ನನ್ನ ಹಟ. ಅವಳು ಒಂದು ಸಾದಾ ಪತ್ರ, ಗುರುತಿನ ಚೀಟಿಯ ಪ್ರತಿ ಕಳಿಸಿದಳು.

ಒಂದು ಕಡೆ ಎಡವಿದೆವು. ನನ್ನ ಖಾತೆಯಲ್ಲಿ ತಿಂಗಳ ಪಗಾರ ಬಿಟ್ಟು ಹೆಚ್ಚೇನೂ ಓಡಾಡುತ್ತಿರಲಿಲ್ಲ. ಜುಲೈನಲ್ಲಿ ಗ್ರಾಚ್ಯುಟಿ ಒಮ್ಮೆಗೇ ಬಂದು ಬಿತ್ತು. ವೀಸಾಕ್ಕಾಗಿ ಯಾರದ್ದೋ ದುಡ್ಡು ತಂದು ತುಂಬಿದ್ದಾರೆ ಅಂತ ಅನುಮಾನ ಬರಲು ಇಷ್ಟೇ ಸಾಕಂತೆ. ಕೊನೆ ಗಳಿಗೆಯಲ್ಲಿ ನಿವೃತ್ತಿ ಆದೇಶ, ಪಿಂಚಣಿ ಆದೇಶ, ಗ್ರಾಚ್ಯುಟಿ ಮಂಜೂರಾದ ಕಾಗದ ಮೂರನ್ನೂ ಸೇರಿಸಿದೆವು. ವಾಪಸ್ ಬರುತ್ತೇನೆ ಅನ್ನಲು ಹೊಲದ ಉತಾರ (ಪಹಣಿ) ಇಟ್ಟೆ. ಅದು ಕನ್ನಡದಲ್ಲಿತ್ತು. ಇಂಗ್ಲಿಷಿಗೆ ಅನುವಾದ ಮಾಡಿಸಿ, ನೋಟರಿ ಮಾಡಿಸಲು 1,800 ರೂಪಾಯಿ, ನಾಲ್ಕು ದಿನ.

ಇದೆಲ್ಲ ಆದರೂ ಒಂದು ಪ್ರಶ್ನೆ ಉಳಿಯಿತು. ಆಮಂತ್ರಣ ಕೊಟ್ಟವರಿಗೂ ನಿಮಗೂ ಏನು ಸಂಬಂಧ? ಬಳಗವಲ್ಲ, ಜೊತೆಗೆ ಓದಿದವರಲ್ಲ, ಒಟ್ಟಿಗೆ ತೆಗೆಸಿಕೊಂಡ ಒಂದು ಫೋಟೊ ಇಲ್ಲ. ಆವತ್ತು ರಾತ್ರಿ ಅಟ್ಟದಿಂದ ತಗಡಿನ ಡಬ್ಬಿ ಇಳಿಸಿದೆ. ನೆಲದ ಮೇಲೆ ಚಾಪೆ ಹಾಸಿ, ಲಕೋಟೆಗಳನ್ನು ವರ್ಷದ ಪ್ರಕಾರ ಜೋಡಿಸಿದೆ. 1985ರದ್ದು, ‘ಡಿಡಿಆರ್’ (ಪೂರ್ವ ಜರ್ಮನಿಯ ಚಿಕ್ಕ ಹೆಸರು) ಅಂತ ಅಚ್ಚಾದ ಅಂಚೆಚೀಟಿ, ಕಾರ್ಲ್ ಮಾರ್ಕ್ಸ್ ಸ್ಟಾಟ್‌ನ ಮುದ್ರೆ. 1990ರದ್ದು, ಅದೇ ಕೈಬರಹ, ಕೆಮ್ನಿಟ್ಸ್‌ನ ಮುದ್ರೆ. ಮುಳುಗಡೆ ವರ್ಷದ್ದು, ಹಳೆಯ ವಿಳಾಸಕ್ಕೆ ಕಾಟು ಹಾಕಿ ಪೋಸ್ಟ್‌ಮ್ಯಾನ್ ನೀಲಿ ಪೆನ್ನಿನಲ್ಲಿ ‘ನವನಗರ’ ಅಂತ ಬರೆದದ್ದು. ಒಟ್ಟು 212 ಪತ್ರ. ಹನ್ನೆರಡನ್ನು ಆರಿಸಿ ಕಲರ್ ಜೆರಾಕ್ಸ್ ಮಾಡಿಸಿದೆ. ವಿವರಣೆ ಪತ್ರದಲ್ಲಿ ನಡೆದದ್ದನ್ನು ನಡೆದ ಹಾಗೆ ಬರೆದೆ.

ಆಗಸ್ಟ್ 12ಕ್ಕೆ ಬೆಂಗಳೂರಿನ ವೀಸಾ ಅರ್ಜಿ ಕೇಂದ್ರದಲ್ಲಿ ಅಪಾಯಿಂಟ್‌ಮೆಂಟ್. ಬೇಸಿಗೆ, ಮಳೆಗಾಲದಲ್ಲಿ ಜನ ಜಾಸ್ತಿ, ದಿನ ಬೇಗ ಸಿಗುವುದಿಲ್ಲ. ಪ್ರಯಾಣಕ್ಕೆ ಆರು ತಿಂಗಳ ಮೊದಲಿನಿಂದ ಅರ್ಜಿ ಹಾಕಬಹುದು, ತಡ ಮಾಡಬೇಡಿ. ಕೌಂಟರಿನ ಹುಡುಗಿ ಪತ್ರಗಳ ಪ್ರತಿಗಳನ್ನು ನೋಡಿ, “ಇದು ಪಟ್ಟಿಯಲ್ಲಿಲ್ಲ ಮೇಡಂ” ಅಂತ ಹಿಂದಕ್ಕೆ ಸರಿಸಿದಳು. ನನ್ನ ಗಂಟಲು ಒಣಗಿತು. “ಇದಿಲ್ಲದಿದ್ದರೆ ನಾನು ಯಾಕೆ ಹೋಗ್ತಿದ್ದೀನಿ ಅಂತ ಅವರಿಗೆ ಹೇಗೆ ತಿಳೀಬೇಕಮ್ಮ?” ಅಂದೆ. ಅವಳು ಮುಳುಗಡೆ ವರ್ಷದ ಲಕೋಟೆಯನ್ನು ಸ್ವಲ್ಪ ಹೊತ್ತು ನೋಡಿದಳು. ಆಮೇಲೆ ಏನೂ ಅನ್ನದೆ ಕಟ್ಟಿನೊಳಗೆ ಸೇರಿಸಿದಳು.

ಬೆರಳಚ್ಚು ಕೊಡುವಾಗ ಇನ್ನೊಂದು ತೊಂದರೆ. ಹತ್ತೂ ಬೆರಳು ಕೊಡಬೇಕು. ನನ್ನ ಬಲಗೈ ಹೆಬ್ಬೆರಳು, ತೋರುಬೆರಳು ಯಂತ್ರಕ್ಕೆ ಹಿಡಿಯಲೇ ಇಲ್ಲ. ಸೀಮೆಸುಣ್ಣ ಹಿಡಿದ ಬೆರಳುಗಳು ಅವು, ಗೆರೆ ಸವೆದಿವೆ. ಒದ್ದೆ ಬಟ್ಟೆಯಲ್ಲಿ ಒರೆಸಿ, ಒತ್ತಿ, ಆರನೇ ಸಲಕ್ಕೆ ಹಸಿರು ಬಣ್ಣ ಬಂತು. ಮನೆಗೆಲಸ, ಹೊಲದ ಕೆಲಸ ಮಾಡಿದ ಹೆಣ್ಮಕ್ಕಳಿಗೆಲ್ಲ ಇದು ಆಗುತ್ತದೆ. ಒಂದು ವಾರ ಮೊದಲಿನಿಂದ ರಾತ್ರಿ ಕೊಬ್ಬರಿ ಎಣ್ಣೆ ಹಚ್ಚಿಕೊಳ್ಳಿ, ಆವತ್ತು ಮಾತ್ರ ಕೈ ಸ್ವಚ್ಛವಾಗಿ ತೊಳೆದುಕೊಂಡು ಹೋಗಿ.

ವೀಸಾ ಶುಲ್ಕ 90 ಯೂರೊ, ರೂಪಾಯಿಯಲ್ಲಿ ಒಂಬತ್ತು ಸಾವಿರದ ಮೇಲೆ. ಕೇಂದ್ರದ ಸೇವಾ ಶುಲ್ಕ, ಕೊರಿಯರ್ ಬೇರೆ. ವೀಸಾ ಸಿಗದಿದ್ದರೆ ಈ ದುಡ್ಡು ವಾಪಸ್ ಬರುವುದಿಲ್ಲ.

ಹದಿಮೂರನೇ ದಿನ ಕೊರಿಯರ್ ಬಂತು. ಲಕೋಟೆ ಒಡೆಯಲು ಧೈರ್ಯವಾಗದೆ ಅರ್ಧ ತಾಸು ದೇವರ ಮುಂದೆ ಇಟ್ಟಿದ್ದೆ. ಒಡೆದರು ನಮ್ಮ ಮನೆಯವರೇ. ವೀಸಾ ಇತ್ತು. ಚೀಟಿಯ ಮೇಲೆ ಎರಡು ಲೆಕ್ಕ ಇರುತ್ತವೆ, ಇದನ್ನು ಸರಿಯಾಗಿ ನೋಡಿ: ಯಾವ ತಾರೀಖಿನಿಂದ ಯಾವ ತಾರೀಖಿನವರೆಗೆ ಅನ್ನೋದು ಒಂದು, ಅದರೊಳಗೆ ಎಷ್ಟು ದಿನ ಇರಬಹುದು ಅನ್ನೋದು ಇನ್ನೊಂದು. ತಾರೀಖು ಉಳಿದಿದ್ದರೂ ದಿನ ಮುಗಿದರೆ ಹೊರಡಲೇಬೇಕು.

ಹೊರಡುವ ದಿನ

ಟಿಕೆಟಿಗೆ ಪೂರ್ತಿ ದುಡ್ಡು ಕಟ್ಟಿದ್ದು ವೀಸಾ ಬಂದ ಮೇಲೆಯೇ. ಬೆಂಗಳೂರಿನಿಂದ ಫ್ರಾಂಕ್‌ಫರ್ಟ್, ಹೋಗಿ ಬರಲು 64,000 ರೂಪಾಯಿ. ನಡುವೆ ವಿಮಾನ ಬದಲಿಸುವುದಿದ್ದರೆ ಅಗ್ಗವಾಗುತ್ತಿತ್ತು. ಒಬ್ಬಳೇ, ಮೊದಲ ಸಲ. ನೇರ ವಿಮಾನವೇ ಇರಲಿ ಅಂದೆವು. ಸೆಪ್ಟೆಂಬರ್ 17ರ ನಸುಕಿನ ಎರಡು ಗಂಟೆಗೆ ಅಂತ ಟಿಕೆಟಿನಲ್ಲಿತ್ತು. ಅಂದರೆ 16ರ ರಾತ್ರಿಯೇ ನಿಲ್ದಾಣದಲ್ಲಿರಬೇಕು. ನಮ್ಮ ತಮ್ಮ 17ರ ರಾತ್ರಿ ಅಂತ ತಿಳಿದುಕೊಂಡು ರೈಲಿನ ಟಿಕೆಟ್ ಮಾಡಿಸಿದ್ದ. ಮಗಳು ನೋಡಿದ್ದಕ್ಕೆ ಉಳಿದೆವು.

ಒಯ್ಯುವ ಸಾಮಾನಿನ ಬಗ್ಗೆ ಒಂದು ಮಾತು. ಯುರೋಪಿಗೆ ಹಾಲಿನ ಪದಾರ್ಥ, ಮಾಂಸ ಒಯ್ಯುವಂತಿಲ್ಲ. ಹಾಗಾಗಿ ಪೇಢೆ, ತುಪ್ಪ ಬಿಟ್ಟೆ. ಕಟಕ ರೊಟ್ಟಿ, ಶೇಂಗಾ ಚಟ್ನಿ, ಗುರೆಳ್ಳು ಚಟ್ನಿ, ಅಮೀನಗಡದ ಕರದಂಟು ಇಟ್ಟುಕೊಂಡೆ. ಗೆಳತಿಗೆ ಒಂದು ಇಳಕಲ್ ಸೀರೆ. ಕಾಗದಪತ್ರ, ಔಷಧಿ, ಡಾಕ್ಟರ ಚೀಟಿ ಕೈಚೀಲದಲ್ಲೇ ಇರಲಿ, ದೊಡ್ಡ ಬ್ಯಾಗಿನಲ್ಲಿ ಹಾಕಿದರೆ ನಡುವೆ ಕೈಗೆ ಸಿಗುವುದಿಲ್ಲ.

ವಿಮಾನ ಏರುವಾಗ ಕುರ್ಚಿಯ ಕೈ ಗಟ್ಟಿಯಾಗಿ ಹಿಡಿದಿದ್ದೆ. ಆದರೆ ನನ್ನ ಅಂಜಿಕೆ ವಿಮಾನದ್ದಾಗಿರಲಿಲ್ಲ. ನಲವತ್ತು ವರ್ಷ ಕಾಗದದ ಮೇಲೆ ಇಬ್ಬರೂ ಚೆನ್ನಾಗಿಯೇ ಇದ್ದೆವು. ಅವಳ ಗಂಡ ತೀರಿಕೊಂಡದ್ದು, ನನ್ನ ಗರ್ಭ ಎರಡು ಸಲ ಉಳಿಯದೆ ಹೋದದ್ದು, ಅವಳ ಕಾರ್ಖಾನೆ ಮುಚ್ಚಿದ್ದು, ಎಲ್ಲ ಬರೆದುಕೊಂಡಿದ್ದೆವು. ಒಡಹುಟ್ಟಿದವರಿಗೂ ಹೇಳದ್ದನ್ನು ಅವಳಿಗೆ ಹೇಳಿದ್ದೆ. ಈಗ ಎದುರಿಗೆ ಕೂತರೆ ಮಾತೇ ಬರದಿದ್ದರೆ? ಹದಿನೆಂಟು ದಿನ ಸುಮ್ನೆ ಮುಖ ಮುಖ ನೋಡಿಕೊಂಡು ಕೂಡುವಂತಾದರೆ? ಇಷ್ಟು ವರ್ಷ ಕೂಡಿಟ್ಟದ್ದು ನಾನಾಗಿಯೇ ಹೋಗಿ ಕೆಡಿಸಿದಂತಾದರೆ? ಊಟದ ತಟ್ಟೆ ಮುಟ್ಟದೆ ವಾಪಸ್ ಕೊಟ್ಟೆ.

ಫ್ರಾಂಕ್‌ಫರ್ಟಿನಲ್ಲಿ ಅಧಿಕಾರಿ ವಾಪಸ್ ಟಿಕೆಟ್, ವಿಮೆ, ಆಮಂತ್ರಣ ಕೇಳಿದರು. ಎಲ್ಲಿ ಉಳಿಯುತ್ತೀರಿ, ಅವರನ್ನು ಮೊದಲು ಎಲ್ಲಿ ನೋಡಿದ್ದಿರಿ ಅಂದರು. “ನೋಡಿಲ್ಲ, ಇವತ್ತೇ ಮೊದಲು” ಅಂದೆ. ಅವರು ತಲೆಯೆತ್ತಿ ನೋಡಿ ಮುದ್ರೆ ಒತ್ತಿದರು. 2025ರ ಅಕ್ಟೋಬರ್ 12ರಿಂದ ಅಲ್ಲಿ ಹೊಸ ಪದ್ಧತಿ ಶುರುವಾಗಿದೆ. ಗಡಿಯಲ್ಲೇ ಮುಖದ ಫೋಟೊ ತೆಗೆದು ಕಂಪ್ಯೂಟರಿನಲ್ಲಿ ದಾಖಲಿಸುತ್ತಾರೆ, ವೀಸಾಕ್ಕೆ ಕೊಟ್ಟ ಬೆರಳಚ್ಚನ್ನು ಹೋಲಿಸಿ ನೋಡುತ್ತಾರೆ. ಮುಂದಿನ ರೈಲಿಗೆ ಸ್ವಲ್ಪ ಜಾಸ್ತಿ ಹೊತ್ತು ಬಿಟ್ಟುಕೊಳ್ಳಿ.

ನಾನು ಹಾಗೆ ಬಿಟ್ಟುಕೊಂಡಿರಲಿಲ್ಲ. ಲೈಪ್‌ಜಿಗ್‌ಗೆ ಹೋಗುವ ರೈಲು ಐವತ್ತು ನಿಮಿಷ ತಡ. ಅಲ್ಲಿಂದ ಕೆಮ್ನಿಟ್ಸ್‌ಗೆ ಒಂದು ತಾಸಿನ ಚಿಕ್ಕ ರೈಲು, ಅದು ತಪ್ಪಿತು. ಫೋನಿನಲ್ಲಿ ಹಾಕಿಸಿದ್ದ ಹೊರದೇಶದ ಪ್ಯಾಕ್ ಕೆಲಸ ಮಾಡುತ್ತಿರಲಿಲ್ಲ. ಗೆಳತಿ ನಿಲ್ದಾಣದಲ್ಲಿ ಕಾಯುತ್ತಿದ್ದಾಳೆ, ನಾನು ಬರಲೇ ಇಲ್ಲ ಅಂದುಕೊಳ್ಳುತ್ತಾಳೆ ಅಂತ ಕಣ್ಣಲ್ಲಿ ನೀರು ಬಂತು. ಪಕ್ಕದಲ್ಲಿ ಸೈಕಲ್ ಹಿಡಿದು ನಿಂತಿದ್ದ ಒಬ್ಬ ಹುಡುಗನಿಗೆ ಅವಳ ನಂಬರು ತೋರಿಸಿದೆ. ಅವನು ಫೋನ್ ಹಚ್ಚಿ ಜರ್ಮನಿನಲ್ಲಿ ಹೇಳಿದ, ಮುಂದಿನ ರೈಲಿಗೆ ನನ್ನನ್ನು ಹತ್ತಿಸಿದ. ಮುಖ್ಯ ನಂಬರು, ವಿಳಾಸ ಒಂದು ಕಾಗದದ ಮೇಲೆ ಬರೆದಿಟ್ಟುಕೊಳ್ಳಿ. ಫೋನ್ ಮೇಲೆ ಪೂರ್ತಿ ಭಾರ ಹಾಕಬೇಡಿ.

ಕೆಮ್ನಿಟ್ಸ್

ಪ್ಲಾಟ್‌ಫಾರ್ಮಿನ ಕೊನೆಯಲ್ಲಿ ಕುಳ್ಳಗೆ, ಬಿಳಿ ಕೂದಲಿನ ಹೆಂಗಸು. ಕೈಯಲ್ಲಿ ರಟ್ಟಿನ ಹಲಗೆ. ಅದರ ಮೇಲೆ ನನ್ನ ಹೆಸರು. ಮೊದಲು ನಾನು ಗುರುತು ಹಿಡಿದದ್ದು ಅವಳ ಮುಖವನ್ನಲ್ಲ, ಆ ಅಕ್ಷರವನ್ನು. ಕೊನೆಯ ಗೆರೆಯನ್ನು ಕೆಳಗೆ ಎಳೆದು ಕೊಂಕಿಸುವುದು ಅವಳ ರೂಢಿ. ಹತ್ತಿರ ಹೋದೆ. ಇಬ್ಬರಿಗೂ ಮಾತು ಬರಲಿಲ್ಲ. ನನ್ನ ಎರಡೂ ಕೈ ಹಿಡಿದು ನಿಂತೇ ಇದ್ದಳು.

ನಾನು ಅಂಜಿದ್ದೇ ನಡೆಯಿತು. ಮನೆಗೆ ಹೋಗಿ ಅಡುಗೆಮನೆಯ ಮೇಜಿಗೆ ಕೂತ ಮೇಲೆ ಹವೆ, ರೈಲು, ಚಹಾ, ಇಷ್ಟರಲ್ಲಿ ಮಾತು ಮುಗಿದು ಹೋಯಿತು. ಅವಳೂ ಕಸಿವಿಸಿಯಾಗಿದ್ದಳು. ಸ್ವಲ್ಪ ಹೊತ್ತಿಗೆ ಎದ್ದು ಹೋಗಿ ಪತ್ರ ಬರೆಯುವ ಹಾಳೆಗಳನ್ನು ತಂದಳು. ಒಂದು ಸಾಲು ಬರೆದು ನನ್ನ ಕಡೆ ಸರಿಸಿದಳು. ‘ಪ್ರಿಯ ಗೆಳತಿ, ನನಗೆ ತುಂಬಾ ಹೆದರಿಕೆಯಾಗಿದೆ. ನಿನಗೆ?’ ನಾನು ಕೆಳಗೆ ಬರೆದೆ. ‘ವಿಮಾನದಲ್ಲಿ ಊಟ ಮಾಡಲಿಲ್ಲ.’ ಅವಳು ಓದಿ ಜೋರಾಗಿ ನಕ್ಕಳು, ತಕ್ಷಣ ಎದ್ದು ಬ್ರೆಡ್ಡು ಕೊಯ್ದಳು. ನಾನು ರೊಟ್ಟಿ ಗಂಟು ಬಿಚ್ಚಿದೆ. ಆವತ್ತು ರಾತ್ರಿ ಹತ್ತರವರೆಗೆ ಹನ್ನೊಂದು ಹಾಳೆ ತುಂಬಿದವು. ಮಾರನೇ ದಿನ ಅರ್ಧ ಮಾತು, ಅರ್ಧ ಬರಹ. ವಾರದ ಹೊತ್ತಿಗೆ ಹಾಳೆ ಬೇಕಾಗಲಿಲ್ಲ.

ಇಳಕಲ್ ಸೀರೆ ಬಿಚ್ಚಿದಾಗ ಅವಳು ಬಣ್ಣ ನೋಡಲಿಲ್ಲ. ಮೊದಲು ಹಿಂದಿನ ಮಗ್ಗಲು ತಿರುವಿದಳು. ಒಡಲಿನ ಹಾಸು ಎಳೆಗಳಿಗೆ ಸೆರಗಿನ ಹಾಸು ಎಳೆಗಳನ್ನು ಕೊಂಡಿ ಹಾಕಿ ಜೋಡಿಸಿದ ಕಡೆ ಬೆರಳು ಓಡಿಸಿ, ಅಲ್ಲೇ ನಿಲ್ಲಿಸಿ, “ಇಲ್ಲಿ! ಕೈಯಿಂದ ಮಾಡ್ತಾರಾ?” ಅಂದಳು. ಅವಳ ಊರೂ ನೂಲು, ಬಟ್ಟೆಯ ಊರು. ಆ ಸೀಮೆಯ ಹೆಸರು ಸ್ಯಾಕ್ಸನಿ. ಇಂಗ್ಲೆಂಡಿನ ಬಟ್ಟೆ ಗಿರಣಿಗಳ ಊರಿಗೆ ಹೋಲಿಸಿ ಅದನ್ನು ಸ್ಯಾಕ್ಸನಿಯ ಮ್ಯಾಂಚೆಸ್ಟರ್ ಅನ್ನುತ್ತಿದ್ದರಂತೆ. ಜರ್ಮನಿ ಒಂದಾದ ಮೇಲೆ ಕಾರ್ಖಾನೆಗಳು ಒಂದೊಂದೇ ಮುಚ್ಚಿದವು. 1985ರ ಪತ್ರಗಳಲ್ಲಿ ಹವೆ, ಹೂವು ಬಿಟ್ಟು ಹೆಚ್ಚು ಯಾಕೆ ಬರೆಯುತ್ತಿರಲಿಲ್ಲ ಅಂತ ಕೇಳಿದೆ. ಆಗ ಹೊರದೇಶಕ್ಕೆ ಹೋಗುವ ಪತ್ರ ಒಡೆದು ಓದುತ್ತಿದ್ದರು ಅಂದಳು. ಕಾರ್ಲ್ ಮಾರ್ಕ್ಸ್‌ನ ಏಳು ಮೀಟರ್ ಎತ್ತರದ ಕಂಚಿನ ತಲೆ ಊರ ನಡುವೆ ಇನ್ನೂ ಇದೆ. ಊರಿನ ಹೆಸರು ಹೋದರೂ ತಲೆ ಉಳಿದಿದೆ. ಅಲ್ಲೇ ನಮ್ಮ ಮೊದಲ ಜೋಡಿ ಫೋಟೊ ತೆಗೆಸಿಕೊಂಡೆವು.

ಅಕ್ಟೋಬರ್ 2 ವಿಜಯದಶಮಿ. ಬನ್ನಿ ಎಲೆ ಇಲ್ಲ. ಉದ್ಯಾನದಲ್ಲಿ ಉದುರಿದ ಹಳದಿ ಎಲೆ ಆರಿಸಿ ಅವಳ ಕೈಗಿಟ್ಟು, “ಬನ್ನಿ ತಗೊಂಡು ಬಂಗಾರದಂಗಿರೋಣು” ಅಂದೆ. ಅರ್ಥ ಹೇಳಿದ ಮೇಲೆ ಅವಳೂ ಒಂದು ಎಲೆ ಕೊಟ್ಟಳು. ಮರುದಿನ ಜರ್ಮನಿ ಒಂದಾದ ದಿನದ ರಜೆ, ಅಂಗಡಿಗಳೆಲ್ಲ ಬಂದ್. ಆವತ್ತು ಮನೆಯಲ್ಲೇ ಕೂತು ಅವಳ ಡಬ್ಬಿ ತೆಗೆದೆವು. ನನ್ನ ಪತ್ರಗಳೆಲ್ಲ ಇದ್ದವು. ಅದರೊಳಗೆ 1992ರಲ್ಲಿ ನಾನು ಕಳಿಸಿದ್ದ ನಮ್ಮ ಹಳೆಯ ಮನೆಯ ಫೋಟೊ. ನಮ್ಮಲ್ಲಿದ್ದ ಪ್ರತಿ ಮನೆ ಖಾಲಿ ಮಾಡುವ ಗದ್ದಲದಲ್ಲಿ ಕಳೆದು ಹೋಗಿತ್ತು. ಆ ಮನೆ ಈಗ ಫೋಟೊದಲ್ಲಿ ಕೂಡ ನಮ್ಮ ಹತ್ತಿರ ಇರಲಿಲ್ಲ. ಅವಳು ಅದನ್ನು ಲಕೋಟೆಯಲ್ಲಿ ಹಾಕಿ, ‘ಬಾಗಲಕೋಟೆ, ಜಿಲ್ಲಾ ವಿಜಾಪುರ’ ಅಂತ ಹಳೆಯ ವಿಳಾಸವನ್ನೇ ಬರೆದು ನನ್ನ ಕೈಗೆ ಕೊಟ್ಟಳು.

ಒಟ್ಟು ಖರ್ಚು, ಎಲ್ಲ ಸೇರಿ, 1,18,000 ರೂಪಾಯಿ. ಉಳಿದುಕೊಳ್ಳಲು ಖರ್ಚಿರಲಿಲ್ಲ, ಇಲ್ಲದಿದ್ದರೆ ಇದರ ಎರಡರಷ್ಟಾಗುತ್ತಿತ್ತು.

ತಮ್ಮ ರೈಲ್ವೆ ಸ್ಟೇಶನ್ನಿಗೆ ಬಂದಿದ್ದ. ಮನೆಗೆ ಬಂದ ಮೇಲೆ ಫೋಟೊ ಕೊಟ್ಟೆ. ಕನ್ನಡಕ ಹಾಕಿಕೊಂಡು ಕಿಟಕಿಯ ಹತ್ತಿರ ಒಯ್ದ. ಬಾಗಿಲ ಪಕ್ಕದ ಕಟ್ಟೆಯ ಮೇಲೆ ಬೆರಳಿಟ್ಟ. “ಅಕ್ಕಾ, ಇಲ್ಲೇ ನೋಡ, ಅಪ್ಪ ಕೂಡತಿದ್ದದ್ದು” ಅಂದ. ಸ್ವಲ್ಪ ಹೊತ್ತು ಬಿಟ್ಟು ಕೇಳಿದ, “ಆಕಿ ಯಾವಾಗ ಬರತಾಳಂತ ಇಲ್ಲಿಗೆ?”